ಕಾಲ್ಚೆಂಡಾಟದಲ್ಲಿ ದಂಡನೆಯ ನ್ಯಾಯ

ನೇತ್ರಾವತಿ ಮತ್ತು ಗುರುಪುರ ನದಿಗಳು ಅರಬ್ಬೀ ಸಮುದ್ರವನ್ನು ಸೇರುವೆಡೆಯಲ್ಲಿ ಮಂಗಳೂರು ನಗರವಿದೆ. ಈ ನಗರಕ್ಕೂ ಕಾಲ್ಚೆಂಡಾಟಕ್ಕೂ ಇರುವ ನಂಟು ಹಳೆಯದು. ನಗರದ ನಡುವಿನ ನೆಹರೂ ಮೈದಾನದಲ್ಲಿ ಜಿಲ್ಲೆಯ ಶಾಲಾ ಕಾಲೇಜುಗಳ ತಂಡಗಳೂ ಊರ ಸಂಘಗಳ ತಂಡಗಳೂ ಸೆಣಸುತ್ತ ಬಂದಿವೆ. ನದಿಗೂ ಕಡಲಿಗೂ ನಡುವೆ ಚಾಚಿಕೊಂಡಿರುವ ಬೆಂಗ್ರೆಯ ಮರಳಿನ ಮೇಲೆ ಮೀನುಗಾರರ ಮನೆಗಳ ಮಕ್ಕಳು ಸಂಜೆಯ ಹೊತ್ತು ಚೆಂಡು ಒದೆಯುತ್ತಾರೆ. ಕ್ರಿಕೆಟ್ಟಿಗೆ ಮಳೆ ಶತ್ರು, ಕಾಲ್ಚೆಂಡಾಟಕ್ಕೆ ಹಾಗಲ್ಲ. ಕರಾವಳಿಯ ಮಳೆ ಸುರಿಯುತ್ತಿರುವಾಗಲೂ, ಮೈಯೆಲ್ಲ ಕೆಸರಾಗಿ, ಎಳೆದ ಸುಣ್ಣದ ಗೆರೆ ಅರ್ಧ ಅಳಿಸಿಹೋಗಿ, ಆಟ ಮಾತ್ರ ನಿಲ್ಲದೆ ಸಾಗುವುದುಂಟು.

ಇಂತಹ ಮೈದಾನವೊಂದರಲ್ಲಿ ಎರಡು ಶಾಲೆಗಳ ನಡುವೆ ಅಂತಿಮ ಪಂದ್ಯ ನಡೆಯುತ್ತಿದೆ ಎಂದು ಭಾವಿಸಬಹುದು. ಆಟ ಮುಗಿಯಲು ಒಂದೇ ನಿಮಿಷ ಉಳಿದಿದೆ. ಎರಡು ಕಡೆಗೂ ಗೋಲಾಗಿಲ್ಲ. ಒಂದು ತಂಡದ ಹುಡುಗ ಒದೆದ ಚೆಂಡು ಗೋಲ್‌ಕೀಪರನನ್ನು ದಾಟಿ ಗೋಲಿನ ಬಾಯಿಗೆ ಬಂದಿದೆ. ಆ ಕ್ಷಣದಲ್ಲಿ ಗೆರೆಯ ಮೇಲೆ ನಿಂತಿದ್ದ ಎದುರಾಳಿ ಹುಡುಗನೊಬ್ಬ ಕೈಚಾಚಿ ಚೆಂಡನ್ನು ಹೊರಕ್ಕೆ ತಳ್ಳುತ್ತಾನೆ. ತೀರ್ಪುಗಾರರ ಸೀಟಿ ಮೊಳಗುತ್ತದೆ. ತಪ್ಪು ನಡೆದಿದೆ ಎಂಬುದರಲ್ಲಿ ಯಾರಿಗೂ ಸಂದೇಹವಿಲ್ಲ. ಆದರೆ ಆ ತಪ್ಪಿಗೆ ಯಾವ ದಂಡನೆ ನ್ಯಾಯವಾದುದು? ಆಗಬೇಕಾಗಿದ್ದ ಗೋಲನ್ನು ಕೊಟ್ಟುಬಿಡಬೇಕೆ? ತಪ್ಪಿತಸ್ಥನನ್ನು ಹೊರಗೆ ಕಳುಹಿಸಿದರೆ ಸಾಕೆ? ಅಥವಾ ಎರಡೂ ಬೇಕೆ? ಈ ಪ್ರಶ್ನೆಗಳಿಗೆ ಉತ್ತರ ಹುಡುಕುವುದರಲ್ಲಿ ಕಾಲ್ಚೆಂಡಾಟದ ನಿಯಮಕಾರರು ನೂರಮೂವತ್ತಕ್ಕೂ ಹೆಚ್ಚು ವರ್ಷಗಳನ್ನು ಕಳೆದಿದ್ದಾರೆ. ಆ ಅನ್ವೇಷಣೆ ಇನ್ನೂ ಮುಗಿದಿಲ್ಲ.

ಯಾವುದೇ ದಂಡನೆಗೆ ಮೂರು ಉದ್ದೇಶಗಳಿರುತ್ತವೆ. ಅನ್ಯಾಯಕ್ಕೊಳಗಾದವನ ನಷ್ಟವನ್ನು ತುಂಬಿಕೊಡುವುದು ಮೊದಲನೆಯದು. ತಪ್ಪು ಮಾಡಿದವನಿಗೆ ತಕ್ಕ ಶಿಕ್ಷೆಯನ್ನು ವಿಧಿಸುವುದು ಎರಡನೆಯದು. ಮುಂದೆ ಬೇರೆಯವರು ಅಂತಹ ತಪ್ಪನ್ನು ಮಾಡದಂತೆ ತಡೆಯುವುದು ಮೂರನೆಯದು. ಕಾಲ್ಚೆಂಡಾಟದಲ್ಲಿ ಪೆನಾಲ್ಟಿ ಕಿಕ್ ಮುಖ್ಯವಾಗಿ ಮೊದಲನೆಯ ಉದ್ದೇಶಕ್ಕಾಗಿಯೂ, ಆಟಗಾರನನ್ನು ಹೊರಗೆ ಕಳುಹಿಸುವ ನಿಯಮ ಎರಡನೆಯದಕ್ಕಾಗಿಯೂ ರೂಪುಗೊಂಡವು. ಎರಡೂ ಸೇರಿ ಮೂರನೆಯ ಉದ್ದೇಶವನ್ನು ಸಾಧಿಸಬೇಕೆಂಬುದು ನಿಯಮಕಾರರ ಆಶಯ. ಆದರೆ ಒಂದು ಉದ್ದೇಶವನ್ನು ಪೂರ್ಣವಾಗಿ ಸಾಧಿಸಹೊರಟಾಗ ಇನ್ನೊಂದು ಕೆಡುವುದುಂಟು. ಈ ತೊಡಕು ಆಟದ ಇತಿಹಾಸದುದ್ದಕ್ಕೂ ಕಾಣಿಸಿಕೊಂಡಿದೆ.

1863ರಲ್ಲಿ ಲಂಡನ್ ನಗರದಲ್ಲಿ ಫುಟ್‌ಬಾಲ್ ಅಸೋಸಿಯೇಷನ್ ಸ್ಥಾಪನೆಯಾಗಿ ಆಟಕ್ಕೆ ಲಿಖಿತ ನಿಯಮಗಳು ದೊರೆತವು. ಆ ಕಾಲದಲ್ಲಿ ಆಟಗಾರರೆಲ್ಲರೂ ಸಭ್ಯರು, ಬೇಕೆಂದು ಯಾರೂ ತಪ್ಪೆಸಗುವುದಿಲ್ಲ ಎಂಬ ನಂಬಿಕೆಯಿತ್ತು. ಆದುದರಿಂದ ದಂಡನೆಯ ಬಗ್ಗೆ ನಿಯಮಕಾರರು ಹೆಚ್ಚು ಚಿಂತಿಸಲಿಲ್ಲ. ಕ್ರಮೇಣ, ತಪ್ಪು ನಡೆದ ಸ್ಥಳದಿಂದ ಎದುರಾಳಿಗೆ ಚೆಂಡನ್ನು ಒದೆಯಲು ಅವಕಾಶ ಕೊಡುವ ಫ್ರೀ ಕಿಕ್ ಬಳಕೆಗೆ ಬಂದಿತು. ಆದರೆ ಆಟದಲ್ಲಿ ಹಣ, ಪ್ರತಿಷ್ಠೆ ಮತ್ತು ಪೈಪೋಟಿ ಬೆಳೆದಂತೆ, ಗೋಲನ್ನು ತಪ್ಪಿಸಲು ಕೈಯನ್ನೂ ಕಾಲನ್ನೂ ಅಡ್ಡವಿಡುವವರು ಹೆಚ್ಚಿದರು. ಗೋಲಿನ ಸಮೀಪದಲ್ಲಿ ಕೊಡುವ ಫ್ರೀ ಕಿಕ್ ಅಂತಹವರಿಗೆ ಶಿಕ್ಷೆಯೇ ಆಗುತ್ತಿರಲಿಲ್ಲ.

ಇದಕ್ಕೆ 1891ರ ಫೆಬ್ರವರಿಯಲ್ಲಿ ನಡೆದ ಎಫ್.ಎ. ಕಪ್ ಪಂದ್ಯವೊಂದು ನಿದರ್ಶನ. ನಾಟ್ಸ್ ಕೌಂಟಿ ಮತ್ತು ಸ್ಟೋಕ್ ತಂಡಗಳು ಎದುರುಬದುರಾಗಿದ್ದವು. ಒಂದು ಗೋಲಿನಿಂದ ಹಿಂದಿದ್ದ ಸ್ಟೋಕ್ ತಂಡದ ಚೆಂಡು ಗೋಲನ್ನು ಸೇರುವುದರಲ್ಲಿತ್ತು. ನಾಟ್ಸ್ ಕೌಂಟಿಯ ಆಟಗಾರನೊಬ್ಬ ಗೆರೆಯ ಮೇಲೆ ಅದನ್ನು ಕೈಯಿಂದ ತಡೆದನು. ನಿಯಮದಂತೆ ಸ್ಟೋಕ್ ತಂಡಕ್ಕೆ ಗೋಲಿನ ಬಾಯಲ್ಲಿಯೇ ಫ್ರೀ ಕಿಕ್ ದೊರೆಯಿತು. ಆದರೆ ಗೋಲ್‌ಕೀಪರ್ ಚೆಂಡಿನ ಮುಂದೆಯೇ ಅಡ್ಡವಾಗಿ ನಿಂತುಬಿಟ್ಟನು. ಚೆಂಡಿಗೆ ದಾರಿಯೇ ಇರಲಿಲ್ಲ. ನಾಟ್ಸ್ ಕೌಂಟಿ ಒಂದು ಗೋಲಿನಿಂದ ಗೆದ್ದಿತು. ತಪ್ಪು ಮಾಡಿದ ತಂಡವೇ ಲಾಭ ಪಡೆದು, ತಪ್ಪಿಗೆ ಗುರಿಯಾದ ತಂಡ ಬರಿಗೈಯಲ್ಲಿ ಮರಳಿತು.

ಇಂತಹ ಅನ್ಯಾಯವನ್ನು ಮೊದಲೇ ಮನಗಂಡಿದ್ದವನು ಐರ್ಲೆಂಡಿನ ಆರ್ಮಾ ಪ್ರಾಂತದ ಮಿಲ್‌ಫರ್ಡ್ ಗ್ರಾಮದ ವಿಲಿಯಂ ಮೆಕ್ರಮ್. ಆತ ನಾರುಬಟ್ಟೆಯ ಗಿರಣಿಯ ಒಡೆಯರ ಮನೆತನದವನು. ತನ್ನ ಊರಿನ ತಂಡದ ಗೋಲ್‌ಕೀಪರನೂ ಆಗಿದ್ದನು. ಗೋಲಿನ ಸಮೀಪದಲ್ಲಿ ತಪ್ಪು ನಡೆದರೆ, ಗೋಲ್‌ಕೀಪರನೊಬ್ಬನೇ ಎದುರಿಗಿರುವಂತೆ ಒಂದು ಒದೆತಕ್ಕೆ ಅವಕಾಶವಿರಬೇಕೆಂಬುದು ಅವನ ಸಲಹೆ. 1890ರಲ್ಲಿ ಐರ್ಲೆಂಡಿನ ಸಂಸ್ಥೆ ಅದನ್ನು ಅಂತರರಾಷ್ಟ್ರೀಯ ನಿಯಮ ಮಂಡಳಿಯ ಮುಂದಿಟ್ಟಿತು. ಸಭ್ಯ ಆಟಗಾರರನ್ನು ಮೋಸಗಾರರೆಂದು ಮೊದಲೇ ಶಂಕಿಸುವ ನಿಯಮವಿದು ಎಂದು ಹಲವರು ಸಿಡಿದೆದ್ದರು. ಆದರೆ ಮರುವರ್ಷದ ಅನುಭವಗಳು ಅವರ ಬಾಯಿ ಕಟ್ಟಿದವು. 1891ರ ಜೂನ್ ತಿಂಗಳಲ್ಲಿ ಪೆನಾಲ್ಟಿ ಕಿಕ್ ನಿಯಮ ಅಂಗೀಕೃತವಾಯಿತು. ಪೆನಾಲ್ಟಿಗೆ ಎದುರಾಗಿ ಒಬ್ಬಂಟಿಯಾಗಿ ನಿಲ್ಲಬೇಕಾದ ಗೋಲ್‌ಕೀಪರನೇ ಅದನ್ನು ಸೂಚಿಸಿದನೆಂಬುದು ಗಮನಾರ್ಹ. ನ್ಯಾಯವನ್ನು ಬಯಸುವವನು ತನ್ನ ಅನುಕೂಲವನ್ನು ಬದಿಗಿಟ್ಟು ಯೋಚಿಸಬಲ್ಲನು ಎಂಬುದಕ್ಕೆ ಇದೊಂದು ಸಾಕ್ಷಿ.

ಮೊದಮೊದಲು ಗೋಲಿನಿಂದ 12 ಗಜ ದೂರದ ಗೆರೆಯ ಮೇಲೆ ಎಲ್ಲಿಂದಲಾದರೂ ಪೆನಾಲ್ಟಿಯನ್ನು ಒದೆಯಬಹುದಾಗಿತ್ತು. 1902ರಲ್ಲಿ ಒದೆಯುವ ಬಿಂದುವೂ ಗೋಲಿನ ಮುಂದಿನ ಆಯಾಕಾರದ ಪೆನಾಲ್ಟಿ ಆವರಣವೂ ನಿಗದಿಯಾದವು. ಈಗ ಆ ಬಿಂದು ಗೋಲಿನಿಂದ 11 ಮೀಟರ್ ದೂರದಲ್ಲಿರುತ್ತದೆ. ಆವರಣ ಗೋಲುಗೆರೆಯಿಂದ 16.5 ಮೀಟರ್ ಮುಂದಕ್ಕೆ ಚಾಚಿರುತ್ತದೆ. ಗೋಲಿನ ಅಗಲ 7.32 ಮೀಟರ್, ಎತ್ತರ 2.44 ಮೀಟರ್. ಇಷ್ಟು ದೊಡ್ಡ ಬಾಗಿಲನ್ನು ಒಬ್ಬನೇ ಕಾಯಬೇಕಾದುದರಿಂದ, ಒದೆದ ಪೆನಾಲ್ಟಿಗಳಲ್ಲಿ ಸುಮಾರು ನಾಲ್ಕರಲ್ಲಿ ಮೂರು ಗೋಲುಗಳಾಗುತ್ತವೆ.

ಇಲ್ಲಿಯೇ ಮೊದಲ ತೊಡಕು ಎದುರಾಗುತ್ತದೆ. ಆವರಣದ ಒಂದು ಮೂಲೆಯಲ್ಲಿ, ಗೋಲಿಗೆ ಬೆನ್ನುಹಾಕಿ ನಿಂತ ಆಟಗಾರನನ್ನು ಎದುರಾಳಿಯೊಬ್ಬ ಎಡವಿ ಬೀಳಿಸಿದನೆನ್ನಬಹುದು. ಅಲ್ಲಿಂದ ಗೋಲಾಗುವ ಸಂಭವ ತೀರ ಕಡಿಮೆ. ಆದರೂ ನಿಯಮದಂತೆ ಪೆನಾಲ್ಟಿ ಕೊಡಲೇಬೇಕು. ಸಣ್ಣ ನಷ್ಟಕ್ಕೆ ದೊಡ್ಡ ಪರಿಹಾರ ಸಿಕ್ಕಂತಾಯಿತು. ಇನ್ನೊಂದೆಡೆ, ಗೋಲಿಗೆ ನೇರವಾಗಿ ಓಡುತ್ತಿದ್ದವನನ್ನು ಆವರಣದ ಗೆರೆಗಿಂತ ಒಂದು ಹೆಜ್ಜೆ ಹೊರಗೆ ಕೆಡವಿದರೆ ದೊರೆಯುವುದು ಬರಿಯ ಫ್ರೀ ಕಿಕ್. ಆಗ ದೊಡ್ಡ ನಷ್ಟಕ್ಕೆ ಸಣ್ಣ ಪರಿಹಾರ. ನಷ್ಟದ ಪ್ರಮಾಣವನ್ನು ಅಳೆಯಬೇಕಾದ ನಿಯಮ ಸ್ಥಳವನ್ನು ಅಳೆಯುತ್ತದೆ. ಮಳೆಯಲ್ಲಿ ಸುಣ್ಣದ ಗೆರೆ ಅಳಿಸಿಹೋದ ಮೈದಾನದಲ್ಲಂತೂ ಆ ಒಂದು ಹೆಜ್ಜೆಯ ಅಂತರ ಒಂದು ಗೋಲಿನ ಅಂತರವಾಗಿಬಿಡಬಹುದು.

ಹಾಗಾದರೆ ನಿಯಮಕಾರರು ಗೆರೆಯನ್ನು ಏಕೆ ನಂಬಿದರು? ಗೆರೆ ಎಲ್ಲರ ಕಣ್ಣಿಗೂ ಕಾಣುತ್ತದೆ. ಗೋಲಾಗುವ ಸಂಭವವೆಷ್ಟಿತ್ತೆಂಬುದನ್ನು ಪ್ರತಿಸಲವೂ ಊಹಿಸಬೇಕಾಗಿ ಬಂದರೆ ತೀರ್ಪುಗಾರರ ಇಷ್ಟಾನಿಷ್ಟಗಳಿಗೆ ಅವಕಾಶವಾಗುತ್ತದೆ. ಅಳತೆಯಲ್ಲಿ ತುಸು ಒರಟಾದರೂ ಮೊದಲೇ ತಿಳಿದಿರುವ, ಎಲ್ಲರಿಗೂ ಸಮನಾದ ನಿಯಮ ತನ್ನದೇ ರೀತಿಯಲ್ಲಿ ನ್ಯಾಯವಾದುದು.

ಎರಡನೆಯ ದಂಡನೆ ಆಟಗಾರನನ್ನು ಮೈದಾನದಿಂದ ಹೊರಗೆ ಕಳುಹಿಸುವುದು. ಈಗ ಎಲ್ಲರಿಗೂ ಪರಿಚಿತವಾಗಿರುವ ಹಳದಿ ಮತ್ತು ಕೆಂಪು ಕಾರ್ಡುಗಳು ಬರುವ ಮೊದಲು ತೀರ್ಪುಗಾರರು ಬಾಯಿಮಾತಿನಲ್ಲಿಯೇ ಎಚ್ಚರಿಕೆಯನ್ನೂ ಆಜ್ಞೆಯನ್ನೂ ನೀಡುತ್ತಿದ್ದರು. 1966ರ ವಿಶ್ವಕಪ್ಪಿನಲ್ಲಿ ಇಂಗ್ಲೆಂಡ್ ಮತ್ತು ಅರ್ಜೆಂಟೀನಾ ನಡುವಣ ಪಂದ್ಯಕ್ಕೆ ಜರ್ಮನಿಯ ರುಡಾಲ್ಫ್ ಕ್ರೈಟ್‌ಲೈನ್ ತೀರ್ಪುಗಾರರಾಗಿದ್ದರು. ಅವರು ಅರ್ಜೆಂಟೀನಾ ತಂಡದ ನಾಯಕ ಆಂಟೋನಿಯೊ ರಟ್ಟಿನ್‌ನನ್ನು ಹೊರಗೆ ಹೋಗುವಂತೆ ಆಜ್ಞಾಪಿಸಿದರು. ಒಬ್ಬರ ಭಾಷೆ ಇನ್ನೊಬ್ಬರಿಗೆ ತಿಳಿಯದು. ನಾಯಕ ಕದಲಲಿಲ್ಲ; ಆಟ ಹಲವು ನಿಮಿಷ ಸ್ಥಗಿತವಾಯಿತು. ಅದೇ ಪಂದ್ಯದಲ್ಲಿ ಇಂಗ್ಲೆಂಡಿನ ಕೆಲವರಿಗೆ ಎಚ್ಚರಿಕೆ ನೀಡಿದ್ದು ಸ್ವತಃ ಅವರಿಗೇ ಸ್ಪಷ್ಟವಾಗಿರಲಿಲ್ಲ. ಆ ವಿಶ್ವಕಪ್ಪಿನ ತೀರ್ಪುಗಾರರ ಮುಖ್ಯಸ್ಥರಾಗಿದ್ದ ಕೆನ್ ಆಸ್ಟನ್ ಈ ಗೊಂದಲವನ್ನು ಕುರಿತು ಯೋಚಿಸುತ್ತ ಕಾರಿನಲ್ಲಿ ಹೋಗುತ್ತಿದ್ದಾಗ ರಸ್ತೆಯ ಸಂಚಾರ ದೀಪಗಳು ಅವರ ಗಮನ ಸೆಳೆದವು. ಹಳದಿ ಎಂದರೆ ಎಚ್ಚರಿಕೆ, ಕೆಂಪು ಎಂದರೆ ನಿಲುಗಡೆ. ಈ ಬಣ್ಣಗಳ ಭಾಷೆ ಎಲ್ಲ ದೇಶದವರಿಗೂ ತಿಳಿಯುವಂಥದು. 1970ರಲ್ಲಿ ಮೆಕ್ಸಿಕೋದ ವಿಶ್ವಕಪ್ಪಿನಲ್ಲಿ ಕಾರ್ಡುಗಳು ಬಳಕೆಗೆ ಬಂದವು. ಏಕೆ ಶಿಕ್ಷೆಯಾಯಿತು, ಎಷ್ಟು ಶಿಕ್ಷೆಯಾಯಿತು ಎಂಬುದು ಶಿಕ್ಷೆಗೊಳಗಾದವನಿಗೆ ತಿಳಿಯಬೇಕೆಂಬುದು ನ್ಯಾಯದ ಮೊದಲ ಪಾಠ. ಕಾರ್ಡು ಆ ಕೊರತೆಯನ್ನು ತುಂಬಿತು.

ಎದುರಾಳಿಗೆ ಅಪಾಯವಾಗುವಂತೆ ಒರಟಾಗಿ ಆಡಿದವನು, ಹೊಡೆದವನು, ಉಗುಳಿದವನು, ಹೊಲಸು ಮಾತನಾಡಿದವನು, ಒಂದೇ ಪಂದ್ಯದಲ್ಲಿ ಎರಡು ಹಳದಿ ಕಾರ್ಡು ಪಡೆದವನು ಹೊರಗೆ ಹೋಗಬೇಕು. ಅವನ ಬದಲಿಗೆ ಬೇರೊಬ್ಬನನ್ನು ಇಳಿಸುವಂತಿಲ್ಲ. ಉಳಿದ ಹತ್ತು ಜನ ಹನ್ನೊಂದು ಜನರೊಡನೆ ಸೆಣಸಬೇಕು. ಇಲ್ಲಿ ಎರಡು ಆಕ್ಷೇಪಗಳು ಏಳುತ್ತವೆ. ತರಗತಿಯಲ್ಲಿ ಒಬ್ಬನು ಮಾಡಿದ ಕೀಟಲೆಗೆ ತರಗತಿಯನ್ನೆಲ್ಲ ನಿಲ್ಲಿಸಿದರೆ, ಏನೂ ಅರಿಯದವರ ಮನಸ್ಸು ನೋಯುತ್ತದೆ. ಒಬ್ಬನ ತಪ್ಪಿಗೆ ಹತ್ತು ಮಂದಿ ನಿರಪರಾಧಿಗಳು ಬೆಲೆ ತೆರುವುದು ಸರಿಯೆ? ಇದು ಮೊದಲನೆಯದು. ಐದನೆಯ ನಿಮಿಷದಲ್ಲಿ ಕೆಂಪು ಕಾರ್ಡು ಬಂದರೆ ತಂಡ ಎಂಬತ್ತೈದು ನಿಮಿಷ ಒಬ್ಬನಿಲ್ಲದೆ ಆಡಬೇಕು. ಅದೇ ತಪ್ಪು ಎಂಬತ್ತೈದನೆಯ ನಿಮಿಷದಲ್ಲಿ ನಡೆದರೆ ಬರಿಯ ಐದು ನಿಮಿಷ. ಒಂದೇ ತಪ್ಪಿಗೆ ಹದಿನೇಳು ಪಟ್ಟು ವ್ಯತ್ಯಾಸದ ಶಿಕ್ಷೆ! ಇದು ಎರಡನೆಯದು.

ಮೊದಲ ಆಕ್ಷೇಪಕ್ಕೆ ಸಮಾಧಾನವಿಲ್ಲದಿಲ್ಲ. ತರಗತಿಯ ಹುಡುಗರು ಕೀಟಲೆಯ ಫಲವನ್ನು ಹಂಚಿಕೊಳ್ಳುವುದಿಲ್ಲ, ತಂಡದವರು ಹಂಚಿಕೊಳ್ಳುತ್ತಾರೆ. ಒಬ್ಬನು ಮೋಸದಿಂದ ಗೋಲನ್ನು ತಪ್ಪಿಸಿದರೆ ಗೆಲುವಿನ ಪದಕ ಹನ್ನೊಂದು ಮಂದಿಗೂ ಸಲ್ಲುತ್ತದೆ. ಲಾಭದಲ್ಲಿ ಪಾಲುಳ್ಳವರು ನಷ್ಟದಲ್ಲಿಯೂ ಪಾಲುಗೊಳ್ಳುವುದು ಅನ್ಯಾಯವೆನಿಸದು. ಅಲ್ಲದೆ ತನ್ನ ತಪ್ಪಿನಿಂದ ಗೆಳೆಯರು ಬಳಲುವುದನ್ನು ಹೊರಗೆ ನಿಂತು ನೋಡುವುದೇ ಆಟಗಾರನಿಗೆ ದೊಡ್ಡ ಶಿಕ್ಷೆ.

ಎರಡನೆಯ ಆಕ್ಷೇಪಕ್ಕೆ ಬೇರೆ ಆಟಗಳು ಬೇರೆ ಉತ್ತರಗಳನ್ನು ಕಂಡುಕೊಂಡಿವೆ. ದಕ್ಷಿಣ ಕನ್ನಡದ ಜನರು ಬಹುವಾಗಿ ಮೆಚ್ಚುವ ಕಬಡ್ಡಿಯಲ್ಲಿ ಔಟಾದವನು ಶಾಶ್ವತವಾಗಿ ಹೊರಗುಳಿಯುವುದಿಲ್ಲ. ಅವನ ತಂಡದವರು ಎದುರಾಳಿಯೊಬ್ಬನನ್ನು ಔಟು ಮಾಡಿದರೆ ಅವನು ಮರಳಿ ಅಂಕಣಕ್ಕೆ ಬರುತ್ತಾನೆ. ದುರ್ನಡತೆಗಾಗಿ ಹಳದಿ ಕಾರ್ಡು ಪಡೆದವನು ಎರಡು ನಿಮಿಷ ಹೊರಗಿರಬೇಕು. ನೆರೆಯ ಕೊಡಗಿನ ಮನೆಮನೆಯ ಆಟವಾದ ಹಾಕಿಯಲ್ಲಿ ಹಸಿರು ಕಾರ್ಡಿಗೆ ಎರಡು ನಿಮಿಷ, ಹಳದಿ ಕಾರ್ಡಿಗೆ ಕನಿಷ್ಠ ಐದು ನಿಮಿಷ ಹೊರಗಿರಬೇಕು; ಕೆಂಪು ಕಾರ್ಡು ಬಂದರೆ ಮಾತ್ರ ಮರಳುವಂತಿಲ್ಲ. ಎಚ್ಚರಿಕೆಗೂ ಬಹಿಷ್ಕಾರಕ್ಕೂ ನಡುವೆ ಅಲ್ಲಿ ಹಲವು ಮೆಟ್ಟಿಲುಗಳಿವೆ. ಕಾಲ್ಚೆಂಡಾಟದಲ್ಲಿ ಈ ಮೆಟ್ಟಿಲುಗಳು ಕಡಿಮೆ. ಆದರೂ 2017ರಲ್ಲಿ ನಿಯಮ ಮಂಡಳಿಯು ಎಳೆಯರ, ಹಿರಿಯರ ಮತ್ತು ವಿಕಲಚೇತನರ ಪಂದ್ಯಗಳಲ್ಲಿಯೂ ತಳಮಟ್ಟದ ಪಂದ್ಯಗಳಲ್ಲಿಯೂ ಆಟಗಾರನನ್ನು ಸ್ವಲ್ಪ ಹೊತ್ತು ಮಾತ್ರ ಹೊರಗಿಡುವ ಪದ್ಧತಿಗೆ ಅನುಮತಿ ನೀಡಿತು. ಕಲಿಯುತ್ತಿರುವ ವಯಸ್ಸಿನವರಿಗೆ ತಪ್ಪನ್ನು ತಿದ್ದಿಕೊಂಡು ಅದೇ ಪಂದ್ಯದಲ್ಲಿ ಮರಳಲು ಅವಕಾಶವಿರಬೇಕೆಂಬ ವಿವೇಕ ಇದರ ಹಿಂದಿದೆ.

ಈ ಎರಡು ದಂಡನೆಗಳೂ ಒಂದೇ ತಪ್ಪಿನ ಮೇಲೆ ಒಟ್ಟಿಗೆ ಬಿದ್ದಾಗ ಸಮಸ್ಯೆ ಇನ್ನಷ್ಟು ಜಟಿಲವಾಗುತ್ತದೆ. ಖಚಿತವಾದ ಗೋಲಿನ ಅವಕಾಶವನ್ನು ತಪ್ಪು ರೀತಿಯಲ್ಲಿ ಕಸಿದುಕೊಂಡವನನ್ನು ಹೊರಗೆ ಕಳುಹಿಸಬೇಕೆಂಬ ನಿಯಮ 1990ರ ದಶಕದ ಆರಂಭದಲ್ಲಿ ಜಾರಿಗೆ ಬಂದಿತು. ತಪ್ಪು ಆವರಣದ ಒಳಗೆ ನಡೆದರೆ ಎದುರಾಳಿಗೆ ಪೆನಾಲ್ಟಿ, ತಪ್ಪಿತಸ್ಥನಿಗೆ ಕೆಂಪು ಕಾರ್ಡು, ಮುಂದಿನ ಪಂದ್ಯಕ್ಕೂ ನಿಷೇಧ ಹೀಗೆ ಒಂದು ತಪ್ಪಿಗೆ ಮೂರು ಶಿಕ್ಷೆಗಳಾದವು. ಚೆಂಡನ್ನು ತಡೆಯಲೆಂದು ಪ್ರಾಮಾಣಿಕವಾಗಿ ಹಾರಿದ ಗೋಲ್‌ಕೀಪರ್ ಕ್ಷಣಮಾತ್ರ ತಡವಾಗಿ ಎದುರಾಳಿಯ ಕಾಲಿಗೆ ತಗುಲಿದರೂ ಅವನಿಗೆ ಇದೇ ಗತಿಯಾಗುತ್ತಿತ್ತು. ಇದು ಅತಿಯಾಯಿತೆಂಬ ಕೂಗು ಎದ್ದಿತು. 2016ರಲ್ಲಿ ನಿಯಮ ಬದಲಾಯಿತು. ಪೆನಾಲ್ಟಿ ಕೊಟ್ಟಾಗ, ತಪ್ಪಿತಸ್ಥನು ನಿಜವಾಗಿ ಚೆಂಡಿಗಾಗಿ ಪ್ರಯತ್ನಿಸಿದ್ದನೆಂದು ಕಂಡುಬಂದರೆ ಹಳದಿ ಕಾರ್ಡು ಸಾಕು. ಬೇಕೆಂದು ಎಳೆದವನಿಗೆ, ತಳ್ಳಿದವನಿಗೆ, ಉದ್ದೇಶಪೂರ್ವಕವಾಗಿ ಕೈ ಚಾಚಿದವನಿಗೆ ಕೆಂಪು ಕಾರ್ಡು ಉಳಿಯಿತು. 2024ರಲ್ಲಿ ಅರಿಯದೆ ಕೈಗೆ ಚೆಂಡು ತಗುಲಿಸಿಕೊಂಡವನಿಗೂ ಇದೇ ರಿಯಾಯಿತಿ ದೊರೆಯಿತು. ಹೀಗೆ ಪರಿಣಾಮವನ್ನಷ್ಟೇ ನೋಡುತ್ತಿದ್ದ ನಿಯಮ ಮನಸ್ಸಿನ ಉದ್ದೇಶವನ್ನೂ ನೋಡಲು ಕಲಿಯಿತು.

ಆದರೆ ಎಲ್ಲ ದಂಡನೆಗಳನ್ನು ವಿಧಿಸಿದ ಮೇಲೆಯೂ ನ್ಯಾಯ ದೊರೆಯದೆ ಹೋಗಬಹುದು. 2010ರ ಜುಲೈ 2ರಂದು ದಕ್ಷಿಣ ಆಫ್ರಿಕದ ಜೊಹಾನ್ಸ್‌ಬರ್ಗಿನಲ್ಲಿ ಘಾನಾ ಮತ್ತು ಉರುಗ್ವೆ ತಂಡಗಳು ವಿಶ್ವಕಪ್ಪಿನ ಕ್ವಾರ್ಟರ್ ಫೈನಲ್ ಪಂದ್ಯವಾಡಿದವು. ಅದುವರೆಗೆ ಆಫ್ರಿಕದ ಯಾವ ದೇಶವೂ ಸೆಮಿಫೈನಲ್ ತಲುಪಿರಲಿಲ್ಲ. ಎರಡೂ ತಂಡಗಳು ಒಂದೊಂದು ಗೋಲು ಗಳಿಸಿದ್ದವು. ಹೆಚ್ಚುವರಿ ಆಟದ ಕೊನೆಯ ಕ್ಷಣದಲ್ಲಿ ಘಾನಾದ ಚೆಂಡು ಗೋಲನ್ನು ಹೊಗುತ್ತಿದ್ದಾಗ ಉರುಗ್ವೆಯ ಲೂಯಿಸ್ ಸ್ವಾರೆಜ್ ಅದನ್ನು ಕೈಗಳಿಂದ ತಡೆದನು. ಅವನಿಗೆ ಕೆಂಪು ಕಾರ್ಡು, ಘಾನಾಕ್ಕೆ ಪೆನಾಲ್ಟಿ. ನಿಯಮದಲ್ಲಿದ್ದುದೆಲ್ಲವೂ ನಡೆಯಿತು. ಆದರೆ ಅಸಮೋವಾ ಗ್ಯಾನ್ ಒದೆದ ಚೆಂಡು ಗೋಲಿನ ಮೇಲಡ್ಡಕ್ಕೆ ಬಡಿದು ಹಾರಿಹೋಯಿತು. ಬಳಿಕ ನಡೆದ ಪೆನಾಲ್ಟಿ ಒದೆತಗಳ ಸರದಿಯಲ್ಲಿ ಉರುಗ್ವೆ 4–2ರಿಂದ ಗೆದ್ದಿತು. 1891ರಲ್ಲಿ ಸ್ಟೋಕ್ ತಂಡಕ್ಕಾದ ಗತಿಯೇ 119 ವರ್ಷಗಳ ತರುವಾಯ ಘಾನಾಕ್ಕೂ ಆಯಿತು. ಆಫ್ರಿಕದ ದೇಶವೊಂದು ಸೆಮಿಫೈನಲ್ ತಲುಪಲು 2022ರಲ್ಲಿ ಮೊರಾಕ್ಕೊ ತಂಡ ಬರುವವರೆಗೂ ಕಾಯಬೇಕಾಯಿತು.

ಅಂತಹ ಸಂದರ್ಭದಲ್ಲಿ ಗೋಲನ್ನೇ ಕೊಟ್ಟುಬಿಡಬೇಕೆಂದು ವಾದಿಸುವವರಿದ್ದಾರೆ. ರಗ್ಬಿ ಆಟದಲ್ಲಿ ಹೀಗೆ ತಪ್ಪಿಸಿದ ಅಂಕಗಳನ್ನು ತೀರ್ಪುಗಾರರೇ ಕೊಡುವ ಪದ್ಧತಿಯುಂಟು. ಚೆಂಡು ಗೆರೆಯ ಮೇಲೆ ಕೈಗೆ ಸಿಕ್ಕಿದಾಗ ಈ ವಾದಕ್ಕೆ ಬಲವಿದೆ. ಆದರೆ ಸ್ವಲ್ಪ ದೂರದಲ್ಲಿ ತಪ್ಪು ನಡೆದರೆ ಅದು ಗೋಲಾಗಿಯೇ ಆಗುತ್ತಿತ್ತೆಂದು ಹೇಳುವವರಾರು? ಆಗದ ಗೋಲನ್ನು ಆಯಿತೆಂದು ಘೋಷಿಸುವ ಅಧಿಕಾರ ಒಬ್ಬ ಮನುಷ್ಯನ ಊಹೆಗೆ ಸೇರಬಾರದೆಂಬುದು ಕಾಲ್ಚೆಂಡಾಟದ ನಿಲುವು. ಆದುದರಿಂದ ಅದು ಗೋಲನ್ನು ಕೊಡುವುದಿಲ್ಲ. ಗೋಲಿನ ಅವಕಾಶವನ್ನು ಮರಳಿಸುತ್ತದೆ. ಅವಕಾಶವನ್ನು ಗೋಲಾಗಿಸುವ ಹೊಣೆ ಆಟಗಾರನದೇ.

ನಿಯಮ ಸರಿಯಾಗಿದ್ದರೂ ಅದನ್ನು ಜಾರಿಗೊಳಿಸುವ ಕಣ್ಣು ತಪ್ಪಬಹುದು. ಕರ್ನಾಟಕದ ತಂಡವೊಂದು ಹದಿನೈದೇ ದಿನಗಳಲ್ಲಿ ಇದರ ಎರಡು ಮುಖಗಳನ್ನು ಕಂಡಿತು. 2023ರ ಮಾರ್ಚ್ 3ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಇಂಡಿಯನ್ ಸೂಪರ್ ಲೀಗಿನ ಪಂದ್ಯ. ಹೆಚ್ಚುವರಿ ಆಟದಲ್ಲಿ ಬೆಂಗಳೂರು ಎಫ್.ಸಿ. ತಂಡದ ಸುನಿಲ್ ಛೆಟ್ರಿ ಫ್ರೀ ಕಿಕ್ಕನ್ನು ತಟ್ಟನೆ ಒದ್ದು ಗೋಲು ಗಳಿಸಿದರು. ತಾವಿನ್ನೂ ಸಿದ್ಧರಿರಲಿಲ್ಲವೆಂದು ಪ್ರತಿಭಟಿಸಿ ಕೇರಳ ಬ್ಲಾಸ್ಟರ್ಸ್ ತಂಡ ಮೈದಾನ ತೊರೆಯಿತು. ಅಖಿಲ ಭಾರತ ಫುಟ್‌ಬಾಲ್ ಸಂಸ್ಥೆ ಆ ತಂಡಕ್ಕೆ 4 ಕೋಟಿ ರೂಪಾಯಿ ದಂಡ ವಿಧಿಸಿತು. ತರಬೇತುದಾರರನ್ನು ಹತ್ತು ಪಂದ್ಯಗಳಿಂದ ನಿಷೇಧಿಸಿತು. ಮಾರ್ಚ್ 18ರಂದು ಗೋವೆಯ ಫತೋರ್ಡದಲ್ಲಿ ನಡೆದ ಅಂತಿಮ ಪಂದ್ಯದಲ್ಲಿ ಬೆಂಗಳೂರು ತಂಡ ಮೋಹನ್ ಬಗಾನ್ ತಂಡವನ್ನು ಎದುರಿಸಿತು. ನಿಗದಿತ ಅವಧಿಯಲ್ಲಿ ಎರಡೂ ಕಡೆಯಿಂದ ಬಂದ ನಾಲ್ಕು ಗೋಲುಗಳಲ್ಲಿ ಮೂರು ಪೆನಾಲ್ಟಿಯಿಂದಲೇ ಬಂದವು. 2–1ರಿಂದ ಮುಂದಿದ್ದ ಬೆಂಗಳೂರಿನ ವಿರುದ್ಧ 85ನೆಯ ನಿಮಿಷದಲ್ಲಿ ಮತ್ತೊಂದು ಪೆನಾಲ್ಟಿ ಘೋಷಿತವಾಯಿತು. ತಪ್ಪು ನಡೆದುದು ಆವರಣದ ಒಳಗೋ ಹೊರಗೋ ಎಂಬ ವಾದ ಎದ್ದಿತು. 2018ರ ವಿಶ್ವಕಪ್ಪಿನಲ್ಲಿಯೇ ಬಳಕೆಗೆ ಬಂದಿದ್ದ ವಿಡಿಯೊ ನೆರವು ಆ ಪಂದ್ಯದಲ್ಲಿ ಇರಲಿಲ್ಲ. ಪಂದ್ಯ ಸಮವಾಗಿ, ಪೆನಾಲ್ಟಿ ಒದೆತಗಳಲ್ಲಿ ಬೆಂಗಳೂರು 3–4ರಿಂದ ಸೋತಿತು. ಬಳಿಕ ತಂಡದ ಒಡೆಯರು ವಿಡಿಯೊ ನೆರವು ಬೇಕೆಂದು ಬಹಿರಂಗವಾಗಿ ಒತ್ತಾಯಿಸಿದರು. ಆದರೆ ಆಟಗಾರರು ಮೈದಾನ ತೊರೆಯಲಿಲ್ಲ. ಕೊನೆಯ ಒದೆತದವರೆಗೂ ಆಡಿದರು. ಹದಿನೈದು ದಿನಗಳ ಹಿಂದೆ ತೀರ್ಪಿನಿಂದ ಲಾಭ ಪಡೆದವರು ಈಗ ತೀರ್ಪಿನಿಂದ ನೊಂದರು. ತೀರ್ಪು ನಮಗೆ ಅನುಕೂಲವಾದಾಗ ಮಾತ್ರ ಅದನ್ನು ಒಪ್ಪುವುದಾದರೆ ಅದು ತೀರ್ಪೇ ಅಲ್ಲವೆಂಬುದನ್ನು ಈ ಎರಡು ಪಂದ್ಯಗಳು ಒಟ್ಟಾಗಿ ತಿಳಿಸುತ್ತವೆ. ಅನ್ಯಾಯವೆನಿಸಿದರೆ ನಿಯಮವನ್ನು ತಿದ್ದಲು ಯತ್ನಿಸುವುದು ಸರಿಯಾದ ಮಾರ್ಗ. ಮೆಕ್ರಮ್ ಮಾಡಿದುದೂ ಅದನ್ನೇ.

ಕೋಟಿಗಟ್ಟಲೆ ಜನ ನೋಡುವ ವಿಶ್ವಕಪ್ಪಿಗೂ ಊರಿನ ಶಾಲಾ ಪಂದ್ಯಕ್ಕೂ ಒಂದೇ ನಿಯಮಾವಳಿ. ಅಲ್ಲಿ ಹತ್ತಾರು ಕ್ಯಾಮರಾಗಳು ತೀರ್ಪುಗಾರರ ನೆರವಿಗಿವೆ. ಇಲ್ಲಿರುವುದು ಒಂದು ಸೀಟಿ ಮತ್ತು ಎರಡು ಕಣ್ಣುಗಳು. ಆದರೆ ಶಾಲೆಯ ಮೈದಾನದಲ್ಲಿಯೂ ಇನ್ನೊಂದು ಸಾಕ್ಷಿ ಇದ್ದೇ ಇರುತ್ತದೆ. ಚೆಂಡು ಕೈಗೆ ತಗುಲಿತೋ ಇಲ್ಲವೋ ಎಂಬುದು ತೀರ್ಪುಗಾರರಿಗೆ ಕಾಣದಿರಬಹುದು. ಆಟಗಾರನಿಗೆ ತಿಳಿಯದೆ ಇರದು. ಪೆನಾಲ್ಟಿ ನಿಯಮವನ್ನು ವಿರೋಧಿಸಿದವರು ಮನುಷ್ಯನ ಸಭ್ಯತೆಯೊಂದನ್ನೇ ನಂಬಿ ನಿಯಮ ಬೇಡವೆಂದರು. ಅದು ತಪ್ಪೆಂದು ಅನುಭವ ತೋರಿಸಿತು. ನಿಯಮವೊಂದನ್ನೇ ನಂಬಿ ಸಭ್ಯತೆ ಬೇಡವೆನ್ನುವುದೂ ಅಷ್ಟೇ ತಪ್ಪು. ದಂಡನೆಯ ನಿಯಮ ಎಷ್ಟೇ ಸೂಕ್ಷ್ಮವಾದರೂ ಅದು ತಪ್ಪಾದ ಮೇಲೆ ಬರುವಂಥದು. ಕಳೆದುದನ್ನು ಪೂರ್ಣವಾಗಿ ಮರಳಿಸಲಾರದು. ತಪ್ಪಾಗುವ ಮೊದಲೇ ಅದನ್ನು ತಡೆಯಬಲ್ಲ ಶಕ್ತಿ ಚೆಂಡಿನ ಬಳಿಯಲ್ಲಿರುವ ಆಟಗಾರನೊಬ್ಬನಿಗೆ ಮಾತ್ರ ಇದೆ.